ಮಿತವ್ಯಯದ ಟರ್ಬೊ ಎಂಜಿನ್: ಒಳಭಾಗಗಳ ಆಯ್ಕೆ ಹೇಗೆ?

ಟರ್ಬೊ ಇಲ್ಲದೆ ಕಾರ್ಖಾನೆಯಿಂದ ಹೊರಬಂದ ಪೆಟ್ರೋಲ್ ಎಂಜಿನ್ನಿಗೆ ಅನಂತರ ಟರ್ಬೊಚಾರ್ಜರ್ ಜೋಡಿಸಿ ಶಕ್ತಿ ಹೆಚ್ಚಿಸುವ ಹವ್ಯಾಸ ಅಮೆರಿಕದಲ್ಲಿ ಬಹುಕಾಲದಿಂದ ಬೇರೂರಿದೆ. ಹಳೆಯ ಜಪಾನೀ ಕಾರನ್ನು ಅಗ್ಗದ ಬೆಲೆಗೆ ಕೊಂಡು, ಮನೆಯ ಗ್ಯಾರೇಜಿನಲ್ಲೇ ಎಂಜಿನ್ ಬಿಚ್ಚಿ ಕಟ್ಟುವ ಯುವಕರೇ ಈ ಹವ್ಯಾಸದ ಬೆನ್ನೆಲುಬು. ಇವರಲ್ಲಿ ಬಹಳ ಮಂದಿಯ ಬಳಿ ಇರುವುದು ಒಂದು ಎಂಜಿನ್ ಕಟ್ಟುವಷ್ಟು ಹಣ ಮಾತ್ರ. ಅದು ಒಡೆದರೆ ಎರಡನೆಯದಕ್ಕೆ ದಾರಿಯಿಲ್ಲ. ಆದಕಾರಣ ಯಾವ ಪಿಸ್ಟನ್, ಯಾವ ಕನೆಕ್ಟಿಂಗ್ ರಾಡ್, ಯಾವ ರಿಂಗ್ ಎಂಬ ಪ್ರಶ್ನೆಗಳು ಇವರ ಪಾಲಿಗೆ ಅಭಿರುಚಿಯ ಪ್ರಶ್ನೆಗಳಲ್ಲ. ಕಾರು ಉಳಿಯುವುದೋ ಇಲ್ಲವೋ ಎಂಬುದನ್ನು ನಿರ್ಧರಿಸುವಂಥವು.

ಈ ಆಯ್ಕೆಯ ಮೂಲಸೂತ್ರ ಸರಳವಾದದ್ದು. ಎಂಜಿನ್ನಿನಲ್ಲಿ ಮೊದಲು ಸೋಲುವ ಭಾಗ ಯಾವುದು ಎಂಬುದನ್ನು ಅರಿತು ಹಣವನ್ನು ಅಲ್ಲಿ ಹೂಡಬೇಕು. ಕೊಂಡ ಭಾಗವನ್ನು ಸರಿಯಾದ ಅಳತೆಯಲ್ಲಿ ಜೋಡಿಸಬೇಕು. ದುಬಾರಿ ಭಾಗವನ್ನು ತಪ್ಪು ಅಳತೆಯಲ್ಲಿ ಕೂರಿಸಿದ ಎಂಜಿನ್ನಿಗಿಂತ ಸಾಧಾರಣ ಭಾಗವನ್ನು ಸರಿಯಾದ ಅಳತೆಯಲ್ಲಿ ಕೂರಿಸಿದ ಎಂಜಿನ್ ಹೆಚ್ಚು ಬಾಳುತ್ತದೆ. ಇದನ್ನು ವಿವರಿಸಲು ಈ ಲೇಖನ ಹೋಂಡಾ ಸಿವಿಕ್ ಕಾರಿನ 1.6 ಲೀಟರ್ ಎಂಜಿನ್ನನ್ನು ಉದಾಹರಣೆಯಾಗಿ ಇಟ್ಟುಕೊಂಡಿದೆ. ಕಡಿಮೆ ಖರ್ಚಿನ ಟರ್ಬೊ ಪ್ರಯೋಗಗಳಿಗೆ ಇಷ್ಟು ಒಳಗಾದ ಎಂಜಿನ್‌ಗಳು ವಿರಳ.

ಉದಾಹರಣೆಯ ಎಂಜಿನ್

ಹೋಂಡಾದ ಡಿ ಸರಣಿಯಲ್ಲಿ ಹವ್ಯಾಸಿಗಳ ಮೆಚ್ಚಿನವು ಎರಡು. 1992ರಿಂದ 1995ರವರೆಗಿನ ಸಿವಿಕ್‌ನ ಮೇಲ್ದರ್ಜೆಯ ಮಾದರಿಗಳಲ್ಲಿ ಬಂದ ಡಿ16ಝಡ್6 ಮೊದಲನೆಯದು. 1996ರಿಂದ 2000ದವರೆಗೆ ಬಂದ ಡಿ16ವೈ8 ಎರಡನೆಯದು. ಎರಡರಲ್ಲೂ ಸಿಲಿಂಡರಿನ ಬೋರ್ 75 ಮಿ.ಮೀ., ಪಿಸ್ಟನ್ ಚಲಿಸುವ ದೂರ, ಅಂದರೆ ಸ್ಟ್ರೋಕ್, 90 ಮಿ.ಮೀ. ನಾಲ್ಕು ಸಿಲಿಂಡರ್‌ಗಳ ಒಟ್ಟು ಗಾತ್ರ 1590 ಸಿ.ಸಿ. ಡಿ16ಝಡ್6ರ ಶಕ್ತಿ 125 ಅಶ್ವಶಕ್ತಿ, ಟಾರ್ಕ್ ಸುಮಾರು 144 ನ್ಯೂಟನ್ ಮೀಟರ್, ಸಂಪೀಡನ ಅನುಪಾತ (ಮೆಕ್ಯಾನಿಕ್‌ಗಳ ಮಾತಿನಲ್ಲಿ ಕಂಪ್ರೆಷನ್ ರೇಶಿಯೊ) 9.2ಕ್ಕೆ 1. ಡಿ16ವೈ8ರಲ್ಲಿ ಈ ಅನುಪಾತ 9.6ಕ್ಕೆ 1.

ಈ ಎಂಜಿನ್ ಅಗ್ಗ, ಹಗುರ, ಬಿಡಿಭಾಗ ಸುಲಭಲಭ್ಯ. ಆದರೆ ಟರ್ಬೊಗೆಂದು ರೂಪಿಸಿದ್ದಲ್ಲ. ಇದರ ಪಿಸ್ಟನ್‌ಗಳು ಎರಕದವು, ರಾಡ್‌ಗಳು ತೆಳ್ಳನೆಯವು. ಅಲ್ಯೂಮಿನಿಯಂ ಬ್ಲಾಕಿನ ಮೇಲ್ಭಾಗ ತೆರೆದ ಮಾದರಿಯದು. ಅಂದರೆ ಸಿಲಿಂಡರ್ ಗೋಡೆಗಳ ಸುತ್ತ ಮೇಲ್ತುದಿಯಲ್ಲಿ ತಂಪುನೀರಿನ ಖಾಲಿ ಜಾಗವಿದ್ದು, ಗೋಡೆಗೆ ಅಲ್ಲಿ ಪಕ್ಕದ ಆಧಾರವಿಲ್ಲ.

ಬಿಚ್ಚುವ ಅಗತ್ಯವಿದೆಯೇ?

ಹಣ ಕಡಿಮೆ ಇರುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಆರೋಗ್ಯವಾಗಿರುವ ಡಿ16 ಎಂಜಿನ್, ಒಳಭಾಗಗಳನ್ನು ಬದಲಿಸದೆಯೇ, ಚಕ್ರಗಳ ಬಳಿ ಅಳೆದಾಗ ಸುಮಾರು 180ರಿಂದ 200 ಅಶ್ವಶಕ್ತಿಯವರೆಗೆ ತಡೆದುಕೊಳ್ಳುತ್ತದೆ ಎಂಬುದು ಹವ್ಯಾಸಿಗಳ ವಲಯದಲ್ಲಿ ಸಾಮಾನ್ಯವಾಗಿ ಒಪ್ಪಿತವಾದ ಅಂದಾಜು. ಆದರೆ ಇದಕ್ಕೊಂದು ಷರತ್ತಿದೆ: ಇಂಧನ ಮತ್ತು ಸ್ಪಾರ್ಕ್ ಸಮಯದ ಹೊಂದಾಣಿಕೆ, ಅಂದರೆ ಟ್ಯೂನಿಂಗ್, ದೋಷರಹಿತವಾಗಿರಬೇಕು.

ಏಕೆಂದರೆ ಟರ್ಬೊ ಎಂಜಿನ್‌ಗಳನ್ನು ಕೊಲ್ಲುವುದು ಶಕ್ತಿಗಿಂತ ಹೆಚ್ಚಾಗಿ ನಾಕಿಂಗ್. ಸ್ಪಾರ್ಕ್ ಪ್ಲಗ್ ಹೊತ್ತಿಸಿದ ಜ್ವಾಲೆ ಸಿಲಿಂಡರಿನ ಮೂಲೆಗಳನ್ನು ತಲುಪುವ ಮುನ್ನವೇ, ಅಲ್ಲಿ ಉಳಿದ ಇಂಧನ ಮಿಶ್ರಣ ಶಾಖ ಮತ್ತು ಒತ್ತಡಕ್ಕೆ ತಾನಾಗಿ ಸಿಡಿಯುವುದೇ ನಾಕಿಂಗ್. ಹೊರಗೆ ಕೇಳಿಸುವುದು ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದಂಥ ಸದ್ದು. ಒಳಗೆ ನಡೆಯುವುದು ಪಿಸ್ಟನ್ನಿನ ಮೇಲೆ ಸುತ್ತಿಗೆಯ ಏಟು. ರಿಂಗ್‌ಗಳ ನಡುವಿನ ತೆಳುವಾದ ಪಟ್ಟಿಗಳು ಈ ಏಟಿಗೆ ಮುರಿಯುತ್ತವೆ. ಸದ್ದು ಚಾಲಕನ ಕಿವಿಗೆ ಬೀಳುವ ಹೊತ್ತಿಗೆ ಎಷ್ಟೋ ಬಾರಿ ಹಾನಿ ಆಗಿ ಹೋಗಿರುತ್ತದೆ.

ಆದ್ದರಿಂದ ಗುರಿ 180 ಅಶ್ವಶಕ್ತಿಯ ಒಳಗಿದ್ದರೆ ಎಂಜಿನ್ ಬಿಚ್ಚದೆ, ಆ ಹಣವನ್ನು ದೊಡ್ಡ ಇಂಜೆಕ್ಟರ್, ಉತ್ತಮ ಇಂಧನ ಪಂಪ್, ಇಂಟರ್‌ಕೂಲರ್, ಇಂಧನ-ಗಾಳಿ ಪ್ರಮಾಣ ತೋರಿಸುವ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಹಾಗೂ ಅನುಭವಿ ಟ್ಯೂನರ್‌ನ ಕೂಲಿಗೆ ಮೀಸಲಿಡುವುದೇ ಬುದ್ಧಿವಂತಿಕೆ. ಗುರಿ 250ರ ಆಸುಪಾಸಿನಲ್ಲಿದ್ದರೆ ಮಾತ್ರ ಒಳಭಾಗಗಳ ಮಾತು ಬರುತ್ತದೆ.

ಬಲ ಬೀಳುವುದು ಎಲ್ಲಿ?

ಭಾಗಗಳ ಪಟ್ಟಿ ತೆರೆಯುವ ಮೊದಲು ಎಂಜಿನ್ನಿನೊಳಗಿನ ಎರಡು ಬಲಗಳನ್ನು ಬೇರ್ಪಡಿಸಿ ನೋಡಬೇಕು.

ಮೊದಲನೆಯದು ಉರಿಯುವ ಅನಿಲದ ಒತ್ತಡ. 75 ಮಿ.ಮೀ. ವ್ಯಾಸದ ಪಿಸ್ಟನ್ನಿನ ಮೇಲ್ಮೈ ಸುಮಾರು 44 ಚದರ ಸೆಂ.ಮೀ. ಸಿಲಿಂಡರಿನ ಗರಿಷ್ಠ ಒತ್ತಡ 70 ಬಾರ್ ಎಂದು ಹಿಡಿದರೆ ರಾಡ್‌ನ ಮೇಲೆ ಬೀಳುವ ಭಾರ ಮೂರು ಟನ್ನಿಗೂ ಮಿಗಿಲು. ಒತ್ತಡ 100 ಬಾರ್‌ಗೆ ಏರಿದರೆ ಅದು ನಾಲ್ಕೂವರೆ ಟನ್. ಈ ಬಲ ರಾಡನ್ನು ಕುಗ್ಗಿಸಿ ಬಾಗಿಸಲು ಯತ್ನಿಸುತ್ತದೆ. ಟರ್ಬೊ ಹೆಚ್ಚಿಸುವುದು ಈ ಬಲವನ್ನು.

ಎರಡನೆಯದು ಜಡತ್ವದ ಬಲ. ಪಿಸ್ಟನ್ ಮೇಲ್ತುದಿ ಮುಟ್ಟಿ ದಿಕ್ಕು ಬದಲಿಸುವಾಗ ರಾಡ್ ಅದನ್ನು ಹಿಡಿದೆಳೆಯಬೇಕು. ಈ ಎಂಜಿನ್ ನಿಮಿಷಕ್ಕೆ 7200 ಸುತ್ತು ತಿರುಗುವಾಗ, ಆ ಕ್ಷಣದಲ್ಲಿ ಪಿಸ್ಟನ್ ಅನುಭವಿಸುವ ವೇಗೋತ್ಕರ್ಷ ಭೂಗುರುತ್ವದ ಸುಮಾರು 3,400 ಪಟ್ಟು. ಅರ್ಧ ಕಿಲೋ ತೂಕದ ಪಿಸ್ಟನ್ ಜೋಡಣೆ ಆಗ ಒಂದೂ ಮುಕ್ಕಾಲು ಟನ್ನಿನಷ್ಟು ಬಲದಿಂದ ರಾಡನ್ನು ಹಿಗ್ಗಿಸುತ್ತದೆ. ಆ ಎಳೆತದ ಪೂರ್ಣ ಹೊರೆ ಬೀಳುವುದು ರಾಡ್ ಬೋಲ್ಟ್‌ಗಳ ಮೇಲೆ. ಇದು ಸುತ್ತುಗಳ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 7200ರಿಂದ 8000 ಸುತ್ತಿಗೆ ಹೋದರೆ ಸುತ್ತು ಹೆಚ್ಚಿದ್ದು ಶೇ. 11, ಎಳೆತ ಹೆಚ್ಚಿದ್ದು ಶೇ. 23.

ಇದರ ತಾತ್ಪರ್ಯ ಇಷ್ಟು: ಅತಿ ಟಾರ್ಕ್ ರಾಡನ್ನು ಬಾಗಿಸುತ್ತದೆ, ಅತಿ ಸುತ್ತು ಬೋಲ್ಟನ್ನು ಕಡಿಯುತ್ತದೆ. ಒಂದೇ 200 ಅಶ್ವಶಕ್ತಿಯನ್ನು 7000 ಸುತ್ತಿನಲ್ಲಿ ಪಡೆದರೆ ಬೇಕಾಗುವ ಟಾರ್ಕ್ ಸುಮಾರು 203 ನ್ಯೂಟನ್ ಮೀಟರ್. ಅದನ್ನೇ 4500 ಸುತ್ತಿನಲ್ಲಿ ಪಡೆದರೆ 316 ನ್ಯೂಟನ್ ಮೀಟರ್. ಬೇಗ ಒತ್ತಡ ತುಂಬುವ ಪುಟ್ಟ ಟರ್ಬೊ ಪೇಟೆಯ ಓಡಾಟಕ್ಕೆ ಹಿತವೆನಿಸಿದರೂ, ತೆಳು ರಾಡ್‌ಗಳಿಗೆ ಅದು ದೊಡ್ಡ ಟರ್ಬೊಗಿಂತ ಅಪಾಯಕಾರಿಯಾಗಬಲ್ಲದು. ಟರ್ಬೊ ಮತ್ತು ರಾಡ್‌ಗಳನ್ನು ಬೇರೆ ಬೇರೆಯಾಗಿ ಆರಿಸಬಾರದು ಎನ್ನುವುದು ಈ ಕಾರಣಕ್ಕೆ.

ಕನೆಕ್ಟಿಂಗ್ ರಾಡ್: ಮೊದಲ ಖರ್ಚು

ಡಿ16 ಎಂಜಿನ್ನಿನಲ್ಲಿ ಶಕ್ತಿ ಏರಿಸಿದಾಗ ಮೊದಲು ಸೋಲುವುದು ರಾಡ್. ಸೋತ ಪಿಸ್ಟನ್ ಎಣ್ಣೆ ಸುಟ್ಟು ಹೊಗೆಯುಗುಳಿ ಎಚ್ಚರಿಕೆ ಕೊಡುತ್ತದೆ. ರಾಡ್ ಸೋತರೆ ಎಚ್ಚರಿಕೆಯಿಲ್ಲ. ಮುರಿದ ತುಂಡು ಬ್ಲಾಕಿನ ಗೋಡೆಯನ್ನು ಸೀಳಿ ಹೊರಬರುತ್ತದೆ. ಬ್ಲಾಕ್, ಕ್ರ್ಯಾಂಕ್, ಕೆಲವೊಮ್ಮೆ ಹೆಡ್ ಕೂಡ ಗುಜರಿಗೆ ಹೋಗುತ್ತದೆ. ರಸ್ತೆಗೆ ಚೆಲ್ಲಿದ ಬಿಸಿ ಎಣ್ಣೆ ಬೆಂಕಿಗೂ, ಹಿಂದಿನ ವಾಹನ ಜಾರುವುದಕ್ಕೂ ಕಾರಣವಾಗಬಹುದು. ಹೀಗಾಗಿ ಒಳಭಾಗಗಳಿಗೆಂದು ಇಟ್ಟ ಹಣದಲ್ಲಿ ಮೊದಲ ಪಾಲು ರಾಡ್‌ಗೇ ಸಲ್ಲಬೇಕು.

ಮಾರುಕಟ್ಟೆಯಲ್ಲಿ ಈ ಎಂಜಿನ್ನಿಗೆ ಈಗಲ್, ಮ್ಯಾನ್ಲಿ ಮೊದಲಾದ ಕಂಪೆನಿಗಳ ಫೋರ್ಜ್ ಮಾಡಿದ ರಾಡ್‌ಗಳು ಬಂದಿವೆ. ಕಾದ ಉಕ್ಕನ್ನು ಅಚ್ಚಿನಲ್ಲಿ ಬಡಿದು ರೂಪಿಸುವ ವಿಧಾನವೇ ಫೋರ್ಜಿಂಗ್. ಸಾಮಾನ್ಯವಾಗಿ ಬಳಸುವ ಲೋಹ ನಿಕಲ್, ಕ್ರೋಮಿಯಂ ಮತ್ತು ಮಾಲಿಬ್ಡಿನಂ ಬೆರೆತ 4340 ದರ್ಜೆಯ ಉಕ್ಕು. ಅಡ್ಡ ಸೀಳಿ ನೋಡಿದಾಗ ಇಂಗ್ಲಿಷಿನ ಎಚ್ ಅಕ್ಷರದಂತೆ ಕಾಣುವವು ಎಚ್-ಬೀಮ್, ಐ ಅಕ್ಷರದಂತೆ ಕಾಣುವವು ಐ-ಬೀಮ್. ಇವೆರಡರ ಮೇಲಾಟದ ಬಗ್ಗೆ ವಾದಗಳು ಬಹಳ. 250 ಅಶ್ವಶಕ್ತಿಯ ಮಟ್ಟದಲ್ಲಿ ಆ ವಾದಕ್ಕೆ ಬೆಲೆಯಿಲ್ಲ. ಒಳ್ಳೆಯ ಉಕ್ಕಿನಿಂದಾದ ಎರಡೂ ಸಾಕು.

ನೋಡಬೇಕಾದದ್ದು ಬೇರೆ ಮೂರು ಅಂಶ. ಒಂದು, ರಾಡ್‌ನ ಉದ್ದ. ಡಿ16ಝಡ್6 ಮತ್ತು ವೈ8ರ ಮೂಲ ರಾಡ್ 137 ಮಿ.ಮೀ. ಉದ್ದವಿದೆ, ಬೇರೆ ಉದ್ದದ ರಾಡ್ ತಂದರೆ ಪಿಸ್ಟನ್ ಕೂರುವ ಎತ್ತರವೇ ಬದಲಾಗುತ್ತದೆ. ಎರಡು, ಗಜನ್ ಪಿನ್‌ನ ಬಗೆ. ಹೋಂಡಾದ ಮೂಲ ಪಿನ್ ರಾಡ್‌ಗೆ ಬಿಗಿಯಾಗಿ ಒತ್ತಿ ಕೂರಿಸಿದ್ದು. ಮಾರುಕಟ್ಟೆಯ ರಾಡ್‌ಗಳಲ್ಲಿ ಹೆಚ್ಚಿನವು ಕಂಚಿನ ಬುಷ್ ಹೊಂದಿದ್ದು, ಪಿನ್ ಅದರಲ್ಲಿ ಸಡಿಲವಾಗಿ ತಿರುಗುತ್ತದೆ. ಅಂಥ ರಾಡ್ ಕೊಂಡರೆ ಪಿನ್ ಹೊರಜಾರದಂತೆ ಹಿಡಿಯುವ ಲಾಕ್ ಕೂರಲು ಪಿಸ್ಟನ್ನಿನಲ್ಲಿ ಗಾಡಿಯಿರಲೇಬೇಕು. ಮೂರು, ಬೋಲ್ಟ್. ಅಮೆರಿಕದ ಎಆರ್‌ಪಿ ಕಂಪೆನಿಯ ಬೋಲ್ಟ್‌ಗಳು ಈ ರಂಗದಲ್ಲಿ ಹೆಸರಾದವು. ಬೋಲ್ಟ್ ಬಿಗಿದಾಗ ಎಷ್ಟು ಹಿಗ್ಗಿತು ಎಂಬುದನ್ನು ಗೇಜ್‌ನಿಂದ ಅಳೆಯುವುದು ಟಾರ್ಕ್ ಪಾನದ ಲೆಕ್ಕಕ್ಕಿಂತ ನಂಬಲರ್ಹ. ಏಕೆಂದರೆ ಹಚ್ಚಿದ ಜಿಡ್ಡು ಬದಲಾದರೆ ಪಾನದ ಲೆಕ್ಕವೂ ಬದಲಾಗುತ್ತದೆ.

ಹಳೆಯ ರಾಡ್‌ಗೇ ಹೊಸ ಬೋಲ್ಟ್ ಹಾಕಿ ಹಣ ಉಳಿಸುವ ಪದ್ಧತಿಯೂ ಇದೆ. ಇದು ಅತಿ ಸುತ್ತಿನ ಎಳೆತಕ್ಕೆ ಪರಿಹಾರವೇ ಹೊರತು ಅತಿ ಟಾರ್ಕ್‌ನ ಬಾಗುವಿಕೆಗೆ ಅಲ್ಲ. ಜೊತೆಗೆ ಹೊಸ ಬೋಲ್ಟ್ ಬಿಗಿದಾಗ ದೊಡ್ಡ ಕಣ್ಣಿನ ವೃತ್ತಾಕಾರ ಕೆಡುವ ಸಂಭವವಿದ್ದು, ಅದನ್ನು ಮತ್ತೆ ಯಂತ್ರದಲ್ಲಿ ಸರಿಪಡಿಸಬೇಕಾಗುತ್ತದೆ. ಆ ಕೂಲಿ ಸೇರಿಸಿದರೆ ಉಳಿತಾಯ ಅಷ್ಟೇನೂ ದೊಡ್ಡದಲ್ಲ.

ಪಿಸ್ಟನ್: ಎರಕವೋ, ಫೋರ್ಜಿಂಗೋ?

ಪಿಸ್ಟನ್‌ಗಳಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಸಾಮಾನ್ಯ ಎರಕದ್ದು. ಗಟ್ಟಿಯಾದರೂ ಪೆಡಸು, ಏಟು ಬಿದ್ದರೆ ಬಾಗದೆ ಒಡೆಯುತ್ತದೆ. ಎರಡನೆಯದು 4032 ದರ್ಜೆಯ ಮಿಶ್ರಲೋಹದಿಂದ ಫೋರ್ಜ್ ಮಾಡಿದ್ದು. ಇದರಲ್ಲಿ ಸುಮಾರು ಶೇ. 12ರಷ್ಟು ಸಿಲಿಕಾನ್ ಇರುವುದರಿಂದ ಬಿಸಿಗೆ ಹಿಗ್ಗುವುದು ಕಡಿಮೆ, ಸದ್ದೂ ಕಡಿಮೆ. ಮೂರನೆಯದು 2618 ದರ್ಜೆಯದು. ಸಿಲಿಕಾನ್ ಅತ್ಯಲ್ಪವಾದ್ದರಿಂದ ಹೆಚ್ಚು ಹಿಗ್ಗುತ್ತದೆ, ಬೇಗ ಸವೆಯುತ್ತದೆ. ಆದರೆ ನಾಕಿಂಗ್‌ನ ಏಟಿಗೆ ಒಡೆಯದೆ ಸ್ವಲ್ಪ ಬಾಗಿ ಉಳಿಯುವ ಗುಣ ಇದಕ್ಕಿದೆ.

ಈ ಹಿಗ್ಗುವಿಕೆಯೇ ಅಳತೆಯ ಪ್ರಶ್ನೆಯನ್ನು ತರುತ್ತದೆ. ಎರಕದ ಪಿಸ್ಟನ್ ಮತ್ತು ಸಿಲಿಂಡರ್ ಗೋಡೆಯ ನಡುವಿನ ಅಂತರ ಹೋಂಡಾದ ಹೊಸ ಎಂಜಿನ್ನಿನಲ್ಲಿ 0.04 ಮಿ.ಮೀ. ಮೀರುವುದಿಲ್ಲ. 2618 ಪಿಸ್ಟನ್ನಿಗೆ ಟರ್ಬೊ ಬಳಕೆಯಲ್ಲಿ 0.06ರಿಂದ 0.09 ಮಿ.ಮೀ. ಬೇಕಾಗುತ್ತದೆ, ನಿಖರ ಸಂಖ್ಯೆಗೆ ಪಿಸ್ಟನ್ ಜೊತೆ ಬರುವ ತಯಾರಕರ ಪತ್ರವೇ ಪ್ರಮಾಣ. ಮೂಲ ಅಂತರದಲ್ಲೇ ಫೋರ್ಜ್ ಪಿಸ್ಟನ್ ಕೂರಿಸಿದರೆ ಬಿಸಿಯಾದಾಗ ಅದು ಸಿಲಿಂಡರಿನಲ್ಲಿ ಹಿಡಿದುಕೊಳ್ಳುತ್ತದೆ. ಅಂತರ ಸರಿಯಿದ್ದರೆ ತಣ್ಣಗಿರುವಾಗ ಕಟಕಟ ಸದ್ದು ಸಹಜ. ಅದು ದೋಷವಲ್ಲ, ಆದರೆ ಎಂಜಿನ್ ಬಿಸಿಯಾಗುವವರೆಗೆ ಕಾರನ್ನು ಮೆಲ್ಲಗೆ ಓಡಿಸುವ ತಾಳ್ಮೆ ಬೇಕು.

ಸುಜುಕಿ ವಿಟಾರಾದ ಪಿಸ್ಟನ್

ಮಿತವ್ಯಯದ ಹೋಂಡಾ ಟರ್ಬೊಗಳ ಚರಿತ್ರೆಯಲ್ಲಿ ಅತ್ಯಂತ ಕುತೂಹಲಕರ ಅಧ್ಯಾಯ ಇದು. ಸುಜುಕಿ ವಿಟಾರಾ ಜೀಪಿನ ಜಿ16ಬಿ ಎಂಜಿನ್ನಿನ ಬೋರ್ 75 ಮಿ.ಮೀ., ಸ್ಟ್ರೋಕ್ 90 ಮಿ.ಮೀ., ಗಾತ್ರ 1590 ಸಿ.ಸಿ. ಎಲ್ಲವೂ ಹೋಂಡಾದ ಡಿ16ಕ್ಕೆ ಸರಿಸಮ. ಎರಡರ ಗಜನ್ ಪಿನ್ ಕೂಡ 19 ಮಿ.ಮೀ. ವ್ಯಾಸದ್ದು. ಬೇರೊಂದು ಕಂಪೆನಿಯ, ಬೇರೊಂದು ಬಗೆಯ ವಾಹನದ ಪಿಸ್ಟನ್ ಹೋಂಡಾದ ಸಿಲಿಂಡರಿನಲ್ಲಿ ಹೊಂದಿಕೊಳ್ಳುತ್ತದೆ ಎಂಬುದನ್ನು ಹವ್ಯಾಸಿಗಳು ಕಂಡುಕೊಂಡರು. ಪಿಸ್ಟನ್ ತಲೆಯ ಆಕಾರವೂ ಎತ್ತರವೂ ಹೋಂಡಾದಂತೆ ಇಲ್ಲದ ಕಾರಣ ಸಂಪೀಡನ ಅನುಪಾತ 8.5ರ ಆಸುಪಾಸಿಗೆ ಇಳಿಯುತ್ತದೆ. ಟರ್ಬೊಗೆ ಬೇಕಾದದ್ದೂ ಅದೇ. ವಿಟಾರಾ ಪಿಸ್ಟನ್ ಹಾಗೂ ಈಗಲ್ ರಾಡ್‌ಗಳ ಜೋಡಿ ಬಡವರ ಟರ್ಬೊ ಎಂದೇ ಹೆಸರಾಯಿತು.

ಅದರೆ ಮಿತಿಗಳೂ ಉಂಟು. ವಿಟಾರಾ ಪಿಸ್ಟನ್ ಎರಕದ್ದೇ. ನಾಕಿಂಗ್‌ನ ಮುಂದೆ ಅದಕ್ಕೆ ಹೋಂಡಾದ ಪಿಸ್ಟನ್ನಿಗಿಂತ ವಿಶೇಷ ರಕ್ಷಣೆಯಿಲ್ಲ. ಅನುಪಾತ ತಗ್ಗಿದ್ದರಿಂದ ನಾಕಿಂಗ್ ಹುಟ್ಟುವ ಸಂದರ್ಭ ಕಡಿಮೆಯಾಗುತ್ತದೆ, ಅಷ್ಟೆ. ಎರಡು ಎಂಜಿನ್‌ಗಳ ಭಾಗ ಬೆರೆಸಿದ ಮೇಲೆ ಯಾವ ಕಾರ್ಖಾನೆಯ ಕೈಪಿಡಿಯೂ ಪೂರ್ಣವಾಗಿ ಅನ್ವಯಿಸುವುದಿಲ್ಲ. ಪಿಸ್ಟನ್ ಮೇಲ್ತುದಿಯಲ್ಲಿದ್ದಾಗ ಬ್ಲಾಕಿನ ಮಟ್ಟಕ್ಕಿಂತ ಎಷ್ಟು ಕೆಳಗಿದೆ, ವಾಲ್ವ್‌ಗೂ ಪಿಸ್ಟನ್ನಿಗೂ ನಡುವೆ ಎಷ್ಟು ಜಾಗವಿದೆ ಎಂಬುದನ್ನು ಕಟ್ಟುವವರು ತಾವೇ ಅಳೆಯಬೇಕು. ಬೆಲೆಯಲ್ಲಿ ಉಳಿದದ್ದನ್ನು ಅಳತೆಯ ಶ್ರಮವಾಗಿ ತೆರಬೇಕಾಗುತ್ತದೆ.

ಈಗ ಕೊಳ್ಳುವವರು ಒಂದು ಹೋಲಿಕೆ ಮಾಡಿಕೊಳ್ಳುವುದು ಲೇಸು. ವಿಟಾರಾ ಪಿಸ್ಟನ್, ಅದರ ರಿಂಗ್ ಎಲ್ಲ ಸೇರಿಸಿದ ಮೊತ್ತಕ್ಕೂ ಫೋರ್ಜ್ ಪಿಸ್ಟನ್ ಜೋಡಿಯ ಬೆಲೆಗೂ ಅಂತರ ಕಡಿಮೆಯಿದ್ದರೆ ಎರಡನೆಯದೇ ಲಾಭ. ಅಂತರ ದೊಡ್ಡದಾಗಿದ್ದು, ಉಳಿದ ಹಣ ಟ್ಯೂನಿಂಗ್‌ಗೆ ಹೋಗುವುದಾದರೆ ವಿಟಾರಾ ಪಿಸ್ಟನ್ ಆರಿಸಿದವರು ಮೂರ್ಖರಲ್ಲ.

ನಾಲ್ಕೂವರೆ ಸಿ.ಸಿ.ಯ ಲೆಕ್ಕ

ಸಂಪೀಡನ ಅನುಪಾತ ಎಂದರೆ ಪಿಸ್ಟನ್ ಕೆಳತುದಿಯಲ್ಲಿದ್ದಾಗಿನ ಜಾಗಕ್ಕೂ ಮೇಲ್ತುದಿಯಲ್ಲಿದ್ದಾಗ ಉಳಿಯುವ ಜಾಗಕ್ಕೂ ಇರುವ ಪ್ರಮಾಣ. ಡಿ16ರ ಒಂದು ಸಿಲಿಂಡರಿನಲ್ಲಿ ಪಿಸ್ಟನ್ ಗುಡಿಸುವ ಜಾಗ 397.6 ಸಿ.ಸಿ. ಅನುಪಾತ 9.2 ಇರುವಾಗ ಮೇಲೆ ಉಳಿಯುವ ಜಾಗ 48.5 ಸಿ.ಸಿ. ಅದನ್ನು 8.5ಕ್ಕೆ ಇಳಿಸಲು ಬೇಕಾದ ಜಾಗ 53 ಸಿ.ಸಿ. ವ್ಯತ್ಯಾಸ ನಾಲ್ಕೂವರೆ ಸಿ.ಸಿ., ಒಂದು ಟೀ ಚಮಚಕ್ಕಿಂತಲೂ ಕಡಿಮೆ. ಎಂಜಿನ್ನಿನ ಸ್ವಭಾವ ಇಷ್ಟು ಸಣ್ಣ ಜಾಗದಲ್ಲಿ ನಿಂತಿದೆ.

ದಪ್ಪ ಹೆಡ್ ಗ್ಯಾಸ್ಕೆಟ್ ಹಾಕಿ ಅನುಪಾತ ಇಳಿಸುವ ಉಪಾಯವೂ ಉಂಟು. ಗ್ಯಾಸ್ಕೆಟ್ ಅರ್ಧ ಮಿ.ಮೀ. ದಪ್ಪವಾದರೆ ಜಾಗ 2.2 ಸಿ.ಸಿ. ಹೆಚ್ಚಿ, ಅನುಪಾತ 9.2ರಿಂದ ಸುಮಾರು 8.8ಕ್ಕೆ ಬರುತ್ತದೆ. ಆದರೆ ಇದರಿಂದ ಪಿಸ್ಟನ್ನಿನ ಅಂಚಿಗೂ ಹೆಡ್ಡಿನ ಸಮತಲಕ್ಕೂ ನಡುವಿನ ಸಂದು ಹಿಗ್ಗುತ್ತದೆ. ಆ ಸಂದು ಕಿರಿದಾಗಿದ್ದಾಗ ಮಿಶ್ರಣ ಮಧ್ಯಕ್ಕೆ ಚಿಮ್ಮಿ, ಕಲಕಿ, ಬೇಗ ಉರಿಯುತ್ತದೆ. ಹಿಗ್ಗಿದಾಗ ಮೂಲೆಯಲ್ಲಿ ಉಳಿದ ಮಿಶ್ರಣವೇ ನಾಕಿಂಗ್‌ನ ಬೀಜವಾಗುತ್ತದೆ. ನಾಕಿಂಗ್ ತಡೆಯಲೆಂದು ಮಾಡಿದ ಉಪಾಯ ನಾಕಿಂಗನ್ನೇ ಕರೆದುತರಬಹುದು. ಅನುಪಾತವನ್ನು ಪಿಸ್ಟನ್ನಿನ ತಲೆಯಲ್ಲಿ ಕುಳಿ ಇಟ್ಟು ಇಳಿಸುವುದೇ ಕ್ರಮ.

ಅನುಪಾತವನ್ನು ಅತಿಯಾಗಿ ಇಳಿಸುವುದೂ ತರವಲ್ಲ. ಟರ್ಬೊ ತುಂಬುವವರೆಗೆ ಅಂಥ ಎಂಜಿನ್ ಸೋಮಾರಿ. ಪೆಟ್ರೋಲ್ ಖರ್ಚೂ ಹೆಚ್ಚು. ದಿನಬಳಕೆಯ ಕಾರಿಗೆ 8.5ರಿಂದ 9ರ ನಡುವಿನ ಅನುಪಾತ ಹದವಾದದ್ದು.

ಪಿಸ್ಟನ್ ರಿಂಗ್: ಅಗ್ಗದ ಭಾಗ, ದುಬಾರಿ ತಪ್ಪು

ರಿಂಗ್‌ನ ಎರಡು ತುದಿಗಳ ನಡುವೆ ಬಿಡುವ ಸಂದು ಟರ್ಬೊ ಎಂಜಿನ್ನಿನಲ್ಲಿ ಬಹು ಮುಖ್ಯ. ಟರ್ಬೊದ ಶಾಖಕ್ಕೆ ರಿಂಗ್ ಹಿಗ್ಗಿದಾಗ ತುದಿಗಳು ಒಂದಕ್ಕೊಂದು ತಾಕಿದರೆ ರಿಂಗ್‌ಗೆ ಹೋಗಲು ಜಾಗವಿಲ್ಲ. ಅದು ಗೋಡೆಯನ್ನು ಗೀರುತ್ತದೆ, ಪಿಸ್ಟನ್ನಿನ ಪಟ್ಟಿಯನ್ನು ಕಿತ್ತು ತೆಗೆಯುತ್ತದೆ. ನಾಕಿಂಗ್‌ನಿಂದ ಆಯಿತೆಂದು ತಿಳಿದ ಎಷ್ಟೋ ಹಾನಿಗಳ ಮೂಲ ಈ ಸಂದಿನಲ್ಲಿರುತ್ತದೆ.

ಫೋರ್ಜ್ ಪಿಸ್ಟನ್ ತಯಾರಕರು ಮೇಲಿನ ರಿಂಗ್‌ಗೆ ಸಾಮಾನ್ಯವಾಗಿ ಕೊಡುವ ಸೂತ್ರ ಹೀಗಿದೆ: ಟರ್ಬೊ ಇಲ್ಲದ ರಸ್ತೆ ಕಾರಿಗೆ ಬೋರ್‌ನ 0.004 ಪಟ್ಟು, ರಸ್ತೆಯ ಟರ್ಬೊ ಕಾರಿಗೆ 0.005 ಪಟ್ಟು, ಸ್ಪರ್ಧೆಯ ಟರ್ಬೊಗೆ 0.006 ಪಟ್ಟಿನವರೆಗೆ. 75 ಮಿ.ಮೀ. ಬೋರ್‌ಗೆ ಇದು ಕ್ರಮವಾಗಿ 0.30, 0.375 ಮತ್ತು 0.45 ಮಿ.ಮೀ. ಎರಡನೆಯ ರಿಂಗ್‌ನ ಸಂದು ಮೇಲಿನದಕ್ಕಿಂತ ತುಸು ಹೆಚ್ಚಿರಬೇಕು. ರಿಂಗನ್ನು ಅದು ಸೇರಬೇಕಾದ ಸಿಲಿಂಡರಿನಲ್ಲೇ ನೇರವಾಗಿ ಕೂರಿಸಿ, ಫೀಲರ್ ಗೇಜ್‌ನಿಂದ ಅಳೆದು, ಸಣ್ಣ ಅರದಿಂದ ಸ್ವಲ್ಪಸ್ವಲ್ಪವೇ ಉಜ್ಜಿ ಹೊಂದಿಸಬೇಕು. ಒಂದು ಸಂಜೆಯ ಕೆಲಸ, ಖರ್ಚು ಅತ್ಯಲ್ಪ. ಪೆಟ್ಟಿಗೆಯಿಂದ ತೆಗೆದು ಹಾಗೆಯೇ ತೊಡಿಸಿಬಿಡುವವರು ಉಳಿಸುವುದು ಆ ಒಂದು ಸಂಜೆಯನ್ನು ಮಾತ್ರ.

ಕ್ರ್ಯಾಂಕ್, ಬೇರಿಂಗ್, ಎಣ್ಣೆ

ಈ ಮಟ್ಟದ ಶಕ್ತಿಗೆ ಹೋಂಡಾದ ಮೂಲ ಕ್ರ್ಯಾಂಕ್ ಶಾಫ್ಟ್ ಸಾಕು. ಬಿರುಕಿಲ್ಲ, ಸವೆದಿಲ್ಲ ಎಂಬುದನ್ನು ಪರೀಕ್ಷಿಸಿ, ಹೊಳಪು ಕೊಡಿಸಿದರೆ ಆಯಿತು. ಬೇರಿಂಗ್‌ಗಳು ಹೊಸವಿರಬೇಕು. ಜರ್ನಲ್‌ನ ವ್ಯಾಸದ ಸಾವಿರದ ಒಂದು ಪಾಲು ಎಣ್ಣೆಗೆ ಜಾಗ ಎಂಬುದು ಹಳೆಯ ಸೂತ್ರ. ಡಿ16ರ 45 ಮಿ.ಮೀ. ರಾಡ್ ಜರ್ನಲ್‌ಗೆ ಅದು 0.045 ಮಿ.ಮೀ. ಜಾಗ ಕಡಿಮೆಯಾದರೆ ಎಣ್ಣೆಯ ಪದರ ಹರಿದು ಲೋಹಕ್ಕೆ ಲೋಹ ತಾಕುತ್ತದೆ. ಹೆಚ್ಚಾದರೆ ಎಣ್ಣೆಯ ಒತ್ತಡ ಬೀಳುತ್ತದೆ. ಮೈಕ್ರೋಮೀಟರ್ ಇಲ್ಲದವರು ಪ್ಲಾಸ್ಟಿಗೇಜ್ ಎಂಬ ಮೇಣದ ಎಳೆಯನ್ನು ನಡುವೆ ಇಟ್ಟು ಬಿಗಿದು, ಅದು ಚಪ್ಪಟೆಯಾದ ಅಗಲ ನೋಡಿ ಜಾಗವನ್ನು ಅಂದಾಜಿಸಬಹುದು.

ಟರ್ಬೊ ತನ್ನ ಬೇರಿಂಗ್‌ಗೂ ಇದೇ ಎಣ್ಣೆಯನ್ನು ಕೇಳುವುದರಿಂದ ಎಣ್ಣೆ ಪಂಪ್ ಹೊಸದಿರುವುದು ಕ್ಷೇಮ. ಎಂಜಿನ್ ಬಿಚ್ಚಿದಾಗಲೇ ಟೈಮಿಂಗ್ ಬೆಲ್ಟ್ ಮತ್ತು ನೀರಿನ ಪಂಪನ್ನೂ ಬದಲಿಸಬೇಕು. ಈ ಎಂಜಿನ್ನಿನಲ್ಲಿ ಬೆಲ್ಟ್ ಕಡಿದರೆ ಪಿಸ್ಟನ್ ವಾಲ್ವ್‌ಗಳಿಗೆ ಬಡಿಯುತ್ತದೆ. ಆಗ ಹೊಸ ರಾಡ್, ಹೊಸ ಪಿಸ್ಟನ್ ಯಾವುದೂ ಕಾಯುವುದಿಲ್ಲ.

ಬ್ಲಾಕ್, ಗ್ಯಾಸ್ಕೆಟ್, ಸ್ಟಡ್

ಬ್ಲಾಕಿನ ಮೇಲ್ಭಾಗ ತೆರೆದಿರುವುದರಿಂದ ಗೋಡೆಗೆ ಆಧಾರವಾಗಿ ಬ್ಲಾಕ್ ಗಾರ್ಡ್ ಎಂಬ ಲೋಹದ ಚೌಕಟ್ಟನ್ನು ಬಡಿದು ಕೂರಿಸುವ ರೂಢಿಯಿತ್ತು. ಅದು ನೀರಿನ ಹರಿವಿಗೆ ಅಡ್ಡಬರುತ್ತದೆ, ಬಡಿದು ಕೂರಿಸುವಾಗ ಸಿಲಿಂಡರಿನ ವೃತ್ತಾಕಾರವನ್ನು ಕೆಡಿಸುತ್ತದೆ ಎಂಬ ಆಕ್ಷೇಪ ಗಂಭೀರವಾದದ್ದು. 250 ಅಶ್ವಶಕ್ತಿಯ ಗುರಿಗೆ ಅದರ ಅಗತ್ಯವಿಲ್ಲ. ಹೊಸ ಲೈನರ್ ಹಾಕಿಸುವುದು ಪರಿಣಾಮಕಾರಿ, ಆದರೆ ಮಿತವ್ಯಯದ ಮಾತಲ್ಲ.

ಸಿಲಿಂಡರ್ ಸವೆದಿದ್ದರೆ ರೀಬೋರ್ ಅನಿವಾರ್ಯ. ಆಗಲೂ ಅಗತ್ಯಕ್ಕಿಂತ ಹೆಚ್ಚು ಕೊರೆಸಬಾರದು. ಬೋರನ್ನು 75.5 ಮಿ.ಮೀ.ಗೆ ಹಿಗ್ಗಿಸಿದರೆ ಗಾತ್ರ 1612 ಸಿ.ಸಿ. ಆಗುತ್ತದೆ. ಗಳಿಸಿದ್ದು 21 ಸಿ.ಸಿ. ಮಾತ್ರ, ಕಳೆದದ್ದು ಗೋಡೆಯ ದಪ್ಪ. ಪಿಸ್ಟನ್ ಕೈಗೆ ಬಂದ ಮೇಲೆ, ಅದರ ಅಳತೆ ತೆಗೆದು, ಅದಕ್ಕೆ ತಕ್ಕಂತೆ ಸಿಲಿಂಡರ್ ಕೊರೆಸುವುದು ಸರಿಯಾದ ಕ್ರಮ. ಮೊದಲೇ ಕೊರೆಸಿ ಬಳಿಕ ಪಿಸ್ಟನ್ ಹುಡುಕುವುದಲ್ಲ.

ಹೆಡ್ ಗ್ಯಾಸ್ಕೆಟ್ ಪದರ ಪದರವಾದ ಉಕ್ಕಿನದ್ದಾಗಿರಬೇಕು. ಅದು ಕೂರುವ ಎರಡೂ ಮೇಲ್ಮೈಗಳನ್ನು ನಯವಾಗಿ ಸಮತಟ್ಟು ಮಾಡಿಸಬೇಕು. ಹೆಡ್ ಬೋಲ್ಟ್‌ಗಳ ಬದಲು ಸ್ಟಡ್ ಬಳಸುವುದು ಕಡಿಮೆ ಖರ್ಚಿನಲ್ಲಿ ಹೆಚ್ಚು ಫಲ ಕೊಡುವ ಬದಲಾವಣೆ. ಒತ್ತಡ ಏರಿದಾಗ ಹೆಡ್ ಮೇಲೇಳದಂತೆ ಅವು ಸಮನಾಗಿ ಹಿಡಿಯುತ್ತವೆ. ವಾಲ್ವ್, ಕ್ಯಾಮ್ ಶಾಫ್ಟ್‌ಗಳನ್ನು ಈ ಹಂತದಲ್ಲಿ ಮುಟ್ಟುವ ಅಗತ್ಯವಿಲ್ಲ.

ಹಣದ ಹಂಚಿಕೆ

ಇದುವರೆಗಿನ ವಿವರಗಳನ್ನು ಖರ್ಚಿನ ಆದ್ಯತೆಯಾಗಿ ಹೀಗೆ ಕ್ರೋಡೀಕರಿಸಬಹುದು:

1. ಇಂಧನ ವ್ಯವಸ್ಥೆ ಮತ್ತು ಟ್ಯೂನಿಂಗ್. ಈ ಹಣವನ್ನು ಮೊದಲೇ ತೆಗೆದಿಟ್ಟು, ಉಳಿದದ್ದರಲ್ಲಿ ಎಂಜಿನ್ ಕಟ್ಟಬೇಕು.
2. ಲೇತ್ ಶಾಪಿನ ಕೆಲಸ: ಕೊರೆಯುವುದು, ಹೋನಿಂಗ್, ಸಮತಟ್ಟು ಮಾಡುವುದು, ಅಳತೆ.
3. ಫೋರ್ಜ್ ರಾಡ್ ಮತ್ತು ಅದರ ಬೋಲ್ಟ್.
4. ಹೊಸ ಬೇರಿಂಗ್, ಎಣ್ಣೆ ಪಂಪ್, ಹೆಡ್ ಸ್ಟಡ್, ಗ್ಯಾಸ್ಕೆಟ್.
5. ಪಿಸ್ಟನ್. ಹಣವಿದ್ದರೆ ಫೋರ್ಜ್, ಇಲ್ಲದಿದ್ದರೆ ಅನುಪಾತ ತಗ್ಗಿಸುವ ಎರಕದ ಪಿಸ್ಟನ್.

ಪಿಸ್ಟನ್ ಐದನೆಯ ಸ್ಥಾನದಲ್ಲಿರುವುದು ಹಲವರಿಗೆ ಅಚ್ಚರಿ ತಂದೀತು. ಎಂಜಿನ್ ಕಟ್ಟಿದವರು ಹೆಮ್ಮೆಯಿಂದ ತೋರಿಸುವುದು ಹೊಳೆಯುವ ಪಿಸ್ಟನ್ನನ್ನೇ. ಆದರೆ ಟ್ಯೂನಿಂಗ್ ಕೆಟ್ಟರೆ ಫೋರ್ಜ್ ಪಿಸ್ಟನ್ ಕೂಡ ಕರಗುತ್ತದೆ. ಟ್ಯೂನಿಂಗ್ ಚೆನ್ನಾಗಿದ್ದರೆ ಎರಕದ ಪಿಸ್ಟನ್ ಕೂಡ ವರ್ಷಗಟ್ಟಲೆ ಬಾಳುತ್ತದೆ. ಫೋರ್ಜ್ ಪಿಸ್ಟನ್ ಕೊಡುವುದು ತಪ್ಪಿಗೆ ಒಂದಿಷ್ಟು ಕ್ಷಮೆ ಮಾತ್ರ.

ಭಾರತದ ಸಂದರ್ಭ

ಈ ಎರಡೂ ಎಂಜಿನ್ ಕುಲಗಳು ಭಾರತಕ್ಕೆ ಅಪರಿಚಿತವಲ್ಲ. 1998ರಲ್ಲಿ ಇಲ್ಲಿಗೆ ಬಂದ ಮೊದಲ ಹೋಂಡಾ ಸಿಟಿಯ ಎಂಜಿನ್ ಡಿ ಸರಣಿಗೆ ಸೇರಿದ್ದು. 1999ರಲ್ಲಿ ಬಿಡುಗಡೆಯಾಗಿ 2007ರವರೆಗೆ ಮಾರಾಟವಾದ ಹಳೆಯ ಮಾರುತಿ ಬಲೆನೊ ಸೆಡಾನ್‌ನಲ್ಲಿದ್ದದ್ದು ವಿಟಾರಾದ ಅದೇ 1590 ಸಿ.ಸಿ. ಜಿ16ಬಿ ಎಂಜಿನ್. ಹೀಗಾಗಿ ಇಲ್ಲಿನ ಕೆಲ ಆಸಕ್ತರೂ ಇಂಥ ಪ್ರಯೋಗಗಳ ಕಡೆ ಕಣ್ಣು ಹಾಯಿಸುವುದು ಸಹಜ.

ಆದರೆ ಕಾನೂನು ಸ್ಪಷ್ಟವಾಗಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಮೂಲಕ ಸೇರಿದ 182ಎ ಕಲಂ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆ ಅಥವಾ ಎರಡನ್ನೂ ವಿಧಿಸಲು ಅವಕಾಶ ನೀಡುತ್ತದೆ. ಅಮೆರಿಕದಲ್ಲೂ ಪೂರ್ಣ ಸ್ವಾತಂತ್ರ್ಯವೇನಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ ವಾಯುಮಂಡಳಿಯ ಅನುಮೋದನೆ ಪಡೆಯದ ಟರ್ಬೊ ಜೋಡಿಸಿದ ಕಾರು ಹೊಗೆ ತಪಾಸಣೆಯಲ್ಲಿ ಉತ್ತೀರ್ಣವಾಗದು. ಇಂಥ ಕಾರಿನ ಸರಿಯಾದ ಸ್ಥಳ ಸಾರ್ವಜನಿಕ ರಸ್ತೆಯಲ್ಲ, ನಿಯಮಬದ್ಧ ಸ್ಪರ್ಧೆಯ ಟ್ರ್ಯಾಕ್. ರೋಲ್ ಕೇಜ್, ಅಗ್ನಿಶಾಮಕ ಸಾಧನ, ಉತ್ತಮ ಬ್ರೇಕ್‌ಗಳ ಖರ್ಚನ್ನೂ ಆಗ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ.

ಮಿತವ್ಯಯವೆಂದರೆ ಅಗ್ಗದ ಭಾಗ ಕೊಳ್ಳುವುದಲ್ಲ, ಎರಡನೆಯ ಬಾರಿ ಕೊಳ್ಳುವ ಪ್ರಸಂಗ ತಂದುಕೊಳ್ಳದಿರುವುದು. ಗುರಿಯನ್ನು ಮೊದಲೇ ನಿಗದಿಪಡಿಸಿ, ಆ ಗುರಿಗೆ ಸೋಲುವ ಭಾಗವನ್ನಷ್ಟೇ ಬದಲಿಸಿ, ಪ್ರತಿ ಸಂದನ್ನೂ ಅಳೆದು ಜೋಡಿಸಿದ ಎಂಜಿನ್ ಸದ್ದಿಲ್ಲದೆ ದುಡಿಯುತ್ತದೆ. ಫೀಲರ್ ಗೇಜ್, ಮೈಕ್ರೋಮೀಟರ್ ಹಾಗೂ ಅಳತೆ ಬರೆದಿಡುವ ಒಂದು ನೋಟ್‌ಬುಕ್, ಇವು ಮೂರಕ್ಕೆ ತಗಲುವ ಖರ್ಚು ಒಡೆದ ಒಂದು ಬ್ಲಾಕಿನ ಬೆಲೆಯ ಮುಂದೆ ಏನೇನೂ ಅಲ್ಲ.